ಕಾಡಿನಲ್ಲಿ ಮಂಗ ಸತ್ತರೆ ಯಾರಿಗೆ ಹೇಳಬೇಕು?



ಮಲೆನಾಡಿನ ಒಂದು ಊರು ಅಂದುಕೊಳ್ಳಿ. ಸಂಕ್ರಾಂತಿ ಕಳೆದಿದೆ. ಕಾಡಿನಲ್ಲಿ ಎಲೆ ಉದುರಿದೆ. ಅತ್ತೆ ಸೊಸೆ ಇಬ್ಬರೂ ದರಗು ತರಲು ಹೋಗಿದ್ದಾರೆ. ದರಗು ಅಂದರೆ ಒಣಗಿದ ಎಲೆ. ಅದು ಕೊಟ್ಟಿಗೆಗೆ ಬೇಕು. ದನದ ಕಾಲಡಿ ಹಾಸಬೇಕು. ಆಮೇಲೆ ಅದೇ ತೋಟಕ್ಕೆ ಗೊಬ್ಬರ.

ಸೊಸೆ ಎಲೆ ಗುಡಿಸುತ್ತಾ ಮುಂದೆ ಹೋದಳು. ಮರದ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು.

"ಅತ್ತೆ, ಇಲ್ಲಿ ನೋಡಿ. ಮಂಗ ಸತ್ತಿದೆ."

ಅತ್ತೆ ದೂರದಿಂದಲೇ ನೋಡಿದರು.

"ಸುಮ್ನೆ ಬಾ. ಯಾರಿಗೂ ಹೇಳಬೇಡ. ಹೇಳಿದ್ರೆ ಅರಣ್ಯದವರು ಬರ್ತಾರೆ, ಆಸ್ಪತ್ರೆಯವರು ಬರ್ತಾರೆ. ಕಾಡಿಗೆ ಹೋಗಬೇಡಿ ಅಂತಾರೆ. ದರಗು ಇಲ್ಲದೆ ಕೊಟ್ಟಿಗೆ ನಡೆಯೋದು ಹೇಗೆ?"

ಅತ್ತೆಯ ಮಾತಿನಲ್ಲಿ ಸುಳ್ಳಿಲ್ಲ. ಕಾಡಿಗೆ ಹೋಗದೆ ನಮ್ಮ ದಿನ ಸಾಗುವುದಿಲ್ಲ. ಸೌದೆ ಬೇಕು, ಸೊಪ್ಪು ಬೇಕು. ಆದರೆ ಸೊಸೆಗೆ ಸಮಾಧಾನ ಆಗಲಿಲ್ಲ. ಸಂಜೆ ಆಶಾ ಕಾರ್ಯಕರ್ತೆಯ ಮನೆಗೆ ಹೋದಳು. ಕಂಡದ್ದನ್ನು ಹೇಳಿದಳು.

ಇದು ಕಟ್ಟಿದ ಕಥೆ. ಆದರೆ ಆ ಒಂದು ಮಾತಿನಿಂದ ಮುಂದೆ ಆಗುವ ಕೆಲಸಗಳು ನಿಜ. ಆ ಮಾತು ಎಲ್ಲೆಲ್ಲಿಗೆ ಹೋಗುತ್ತದೆ? ಯಾರು ಯಾರು ಏನು ಮಾಡುತ್ತಾರೆ? ಬನ್ನಿ, ತಿಳಿಯೋಣ.

ಮಂಗನ ಕಾಯಿಲೆ ಅಂದರೇನು?

1957ರ ಮಾತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಕಾಡು ಇದೆ. ಅಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಯ ಜನರಿಗೂ ಜೋರು ಜ್ವರ ಬಂತು. ಕೆಲವರು ಸತ್ತರು. ಮಂಗಕ್ಕೂ ಮನುಷ್ಯರಿಗೂ ಒಂದೇ ಕಾಯಿಲೆ ಎಂದು ಜನ ಮಾತಾಡಿಕೊಂಡರು. ಮಂಗನ ಕಾಯಿಲೆ ಎಂಬ ಹೆಸರು ಹಾಗೆ ಬಂತು.

ಪುಣೆಯಿಂದ ವಿಜ್ಞಾನಿಗಳು ಬಂದರು. ಪರೀಕ್ಷೆ ಮಾಡಿದರು. ಇದು ಹೊಸ ವೈರಸ್ ಎಂದು ತಿಳಿಯಿತು. ವೈರಸ್ ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ರೋಗಾಣು. ಕಾಡಿನ ಹೆಸರನ್ನೇ ಕಾಯಿಲೆಗೆ ಇಟ್ಟರು. ಕ್ಯಾಸನೂರು ಕಾಡಿನ ಕಾಯಿಲೆ. ಆಸ್ಪತ್ರೆಯವರು ಇದನ್ನು ಕೆ.ಎಫ್.ಡಿ. ಎನ್ನುತ್ತಾರೆ.

ಹೆಸರು ಮಂಗನ ಕಾಯಿಲೆ. ಆದರೆ ಅದನ್ನು ಹರಡುವುದು ಉಣುಗು. ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ದನದ ಮೈಮೇಲೆ, ನಾಯಿಯ ಕಿವಿಯಲ್ಲಿ ಉಣುಗು ನೋಡಿದ್ದೀರಿ. ಕಾಡಿನ ಉಣುಗಿನ ಮರಿ ಇನ್ನೂ ಸಣ್ಣದು. ಎಳ್ಳಿನ ಕಾಳಿನಷ್ಟು ಇರುತ್ತದೆ. ಮೈಮೇಲೆ ಹತ್ತಿದರೂ ಗೊತ್ತಾಗುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಈ ಮರಿಗಳು ಹೆಚ್ಚುತ್ತವೆ. ಒಣ ಎಲೆಯಲ್ಲಿ, ಪೊದೆಯಲ್ಲಿ ಕಾದಿರುತ್ತವೆ. ನವೆಂಬರ್‌ನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಜಾಸ್ತಿ. ನಾವು ದರಗಿಗೆ, ಸೌದೆಗೆ ಹೋಗುವುದೂ ಅದೇ ಕಾಲದಲ್ಲಿ.

ಕಾಯಿಲೆ ಇರುವ ಉಣುಗು ಮಂಗಕ್ಕೆ ಕಚ್ಚಿದರೆ ಮಂಗ ಸಾಯುತ್ತದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಉಣುಗುಗಳು ಅದರ ಮೈ ಬಿಟ್ಟು ಇಳಿಯುತ್ತವೆ. ಸುತ್ತಲ ಎಲೆಯಲ್ಲಿ ಹರಡುತ್ತವೆ. ಆ ಜಾಗಕ್ಕೆ ಹೋದವರಿಗೆ ಕಚ್ಚುತ್ತವೆ. ಆದ್ದರಿಂದ ಸತ್ತ ಮಂಗ ಒಂದು ಎಚ್ಚರಿಕೆ. "ಇಲ್ಲಿ ರೋಗ ಇರಬಹುದು, ಬರಬೇಡಿ" ಎಂದು ಹೇಳಿದ ಹಾಗೆ.

ಮಂಗದ ಮೇಲೆ ಸಿಟ್ಟು ಬೇಡ. ಅದೂ ನಮ್ಮ ಹಾಗೆ ರೋಗಕ್ಕೆ ಸಿಕ್ಕಿದ ಜೀವ.

ಸುದ್ದಿ ಮುಟ್ಟಿದ ಮೇಲೆ

ಸೊಸೆ ಹೇಳಿದ ಸುದ್ದಿಯನ್ನು ಆಶಾ ಕಾರ್ಯಕರ್ತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದಳು. ಡಾಕ್ಟರು ತಾಲ್ಲೂಕಿಗೆ, ಜಿಲ್ಲೆಗೆ ತಿಳಿಸಿದರು. ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ಸುದ್ದಿ ಹೋಯಿತು.

ಮರುದಿನ ಬೆಳಿಗ್ಗೆ ಜೀಪು ಬಂತು. ಸೊಸೆ ದೂರದಿಂದ ಜಾಗ ತೋರಿಸಿದಳು. ಬಂದವರು ಕೈಗೆ ಗವಸು, ಕಾಲಿಗೆ ಉದ್ದದ ಬೂಟು ಹಾಕಿಕೊಂಡಿದ್ದರು.

ಪಶು ವೈದ್ಯರು ಮಂಗದ ಶವ ಪರೀಕ್ಷೆ ಮಾಡಿದರು. ಪ್ರಯೋಗಾಲಯಕ್ಕೆ ಕಳಿಸಲು ಮಾದರಿ ತೆಗೆದರು. ಮಾದರಿ ಅಂದರೆ ಪರೀಕ್ಷೆಗೆ ಬೇಕಾದ ಸ್ವಲ್ಪ ಭಾಗ. ಸುದ್ದಿ ಬೇಗ ಸಿಕ್ಕಿದ್ದರಿಂದ ಇದು ಸಾಧ್ಯ ಆಯಿತು. ನಾಲ್ಕು ದಿನ ಬಿಟ್ಟು ಹೇಳಿದ್ದರೆ ಮಂಗ ಕೊಳೆತಿರುತ್ತಿತ್ತು. ಕೊಳೆತ ಮೇಲೆ ಪರೀಕ್ಷೆ ಮಾಡುವುದು ಕಷ್ಟ.

ಆಮೇಲೆ ಮಂಗವನ್ನು ಸುಟ್ಟರು. ಸುತ್ತ 50 ಅಡಿ ಜಾಗಕ್ಕೆ ಮೆಲಾಥಿಯಾನ್ ಪುಡಿ ಹಾಕಿದರು. ಅದು ಉಣುಗು ಸಾಯುವ ಔಷಧ.

ಇನ್ನಿಬ್ಬರು ಒಂದು ಬಿಳಿ ಬಟ್ಟೆ ಹಿಡಿದು ನೆಲದ ಮೇಲೆ ಎಳೆಯುತ್ತಾ ಹೋದರು. ಸೊಸೆಗೆ ಆಶ್ಚರ್ಯ ಆಯಿತು.

"ಅದೇನು ಮಾಡ್ತಿದ್ದೀರಿ ಅಣ್ಣಾ?"

"ಉಣುಗು ಹಿಡೀತಿದ್ದೀವಿ ತಾಯಿ. ಬಟ್ಟೆ ಎಳೆದರೆ ಉಣುಗು ಅದಕ್ಕೆ ಹತ್ತುತ್ತೆ. ಬಿಳಿ ಬಟ್ಟೆ ಆದ್ದರಿಂದ ಎದ್ದು ಕಾಣುತ್ತೆ. ಅದನ್ನ ಸೀಸೆಗೆ ಹಾಕಿ ಕಳಿಸ್ತೀವಿ. ಉಣುಗಿನಲ್ಲಿ ರೋಗ ಇದೆಯೋ ಇಲ್ಲವೋ ಅಂತ ಪ್ರಯೋಗಾಲಯದಲ್ಲಿ ನೋಡ್ತಾರೆ."

ಇದಕ್ಕೆಂದೇ ಶಿವಮೊಗ್ಗದಲ್ಲಿ ಪ್ರಯೋಗಾಲಯ ಇದೆ. ಮಂಗದ ಮಾದರಿ, ಉಣುಗು, ಜನರ ರಕ್ತ ಎಲ್ಲವನ್ನೂ ಅಲ್ಲಿ ಪರೀಕ್ಷೆ ಮಾಡುತ್ತಾರೆ.

ಊರಿನಲ್ಲಿ ಏನಾಯಿತು?

ಅಂದೇ ಮಧ್ಯಾಹ್ನ ಊರಿನಲ್ಲಿ ಮೈಕಿನಲ್ಲಿ ಹೇಳಿದರು. ಮಂಗ ಸತ್ತ ಜಾಗದ ಕಡೆ ಯಾರೂ ಹೋಗಬೇಡಿ. ದನ ಅಟ್ಟಬೇಡಿ. ಬೇರೆ ಕಡೆ ಕಾಡಿಗೆ ಹೋಗುವವರು ಎಣ್ಣೆ ಹಚ್ಚಿಕೊಂಡು ಹೋಗಿ.

ಮನೆ ಮನೆಗೆ ಎಣ್ಣೆ ಸೀಸೆ ಕೊಟ್ಟರು. ಅದರ ಹೆಸರು ಡೇಪಾ ಎಣ್ಣೆ. ಅದು ಉಣುಗನ್ನು ಮೈಗೆ ಹತ್ತದಂತೆ ತಡೆಯುತ್ತದೆ. ಸೊಸೆ ಸೀಸೆಯ ಮೇಲಿನ ಅಕ್ಷರ ಕೂಡಿಸಿ ಓದಿದಳು. ಹೇಗೆ ಹಚ್ಚಬೇಕು ಎಂದು ಪಕ್ಕದ ಮನೆಯವರಿಗೂ ಓದಿ ಹೇಳಿದಳು.

ಪಶು ಆಸ್ಪತ್ರೆಯವರು ಕೊಟ್ಟಿಗೆಗೆ ಬಂದರು. ಮೇಯಲು ಹೋದ ದನ ಕಾಡಿನ ಉಣುಗನ್ನು ಮನೆ ಬಾಗಿಲಿಗೆ ತರುತ್ತದೆ. ಅದಕ್ಕಾಗಿ ದನಕ್ಕೂ ಉಣುಗಿನ ಔಷಧ ಕೊಟ್ಟರು.

ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿ ಮನೆ ಮನೆಗೆ ಬರತೊಡಗಿದರು. ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನಿಮ್ಮ ಮನೇಲಿ ಯಾರಿಗಾದರೂ ಜ್ವರ ಇದೆಯಾ?"

ಸುತ್ತಲಿನ ಹಳ್ಳಿಗಳಲ್ಲೂ ಹೀಗೆಯೇ ಕೇಳಿದರು. ಉಣುಗು ಕಚ್ಚಿ 3ರಿಂದ 8 ದಿನದೊಳಗೆ ಜ್ವರ ಬರುತ್ತದೆ. ಆದ್ದರಿಂದ ಒಂದು ದಿನ ಬಂದು ಕೇಳಿದರೆ ಸಾಲದು. ಮತ್ತೆ ಮತ್ತೆ ಬರಬೇಕು. "ಎಷ್ಟು ಸಲ ಬರ್ತೀರಿ?" ಎಂದು ಅವರ ಮೇಲೆ ರೇಗಬೇಡಿ.

ಅತ್ತೆಗೆ ಜ್ವರ ಬಂತು

ಐದನೇ ದಿನ ಅತ್ತೆಗೆ ಚಳಿ ಬಂತು. ಮೈ ಕೆಂಡದ ಹಾಗೆ ಸುಟ್ಟಿತು. ತಲೆ ಸಿಡಿಯುವಷ್ಟು ನೋವು. ಸೊಂಟ, ಕಾಲು ಎಲ್ಲಾ ನೋವು. ಕಣ್ಣು ಕೆಂಪಾಯಿತು.

ಆರೋಗ್ಯ ಸಹಾಯಕಿ ಬಾಗಿಲಿಗೆ ಬಂದಾಗ ಅತ್ತೆ ಒಳಗಿಂದಲೇ ಸೊಸೆಗೆ ಕೈ ಸನ್ನೆ ಮಾಡಿದರು. ಹೇಳಬೇಡ ಎಂದು.

"ದರಗು ಹೊತ್ತ ಆಯಾಸ ಅಷ್ಟೇ. ಒಂದು ಕಷಾಯ ಕುಡಿದರೆ ಹೋಗುತ್ತೆ."

ಅತ್ತೆಗೆ ಭಯ. ಆಸ್ಪತ್ರೆಗೆ ಸೇರಿಸಿದರೆ ಮನೆ ಕೆಲಸ ಯಾರು ಮಾಡುತ್ತಾರೆ? ಖರ್ಚು ಎಷ್ಟು ಆಗುತ್ತದೋ? ಊರಿನವರು ದೂರ ಇಟ್ಟರೆ?

ನಮ್ಮಲ್ಲಿ ಬಹಳ ಹೆಂಗಸರು ಹೀಗೆಯೇ ಮಾಡುತ್ತೇವೆ. ಮಗುವಿಗೆ ಜ್ವರ ಬಂದರೆ ಓಡುತ್ತೇವೆ. ಗಂಡನಿಗೆ ಬಂದರೂ ಓಡುತ್ತೇವೆ. ನಮಗೆ ಬಂದರೆ ಸೆರಗು ಬಿಗಿದು ಒಲೆ ಮುಂದೆ ಕೂರುತ್ತೇವೆ.

ಸೊಸೆ ಬಾಯಿ ಬಿಟ್ಟಳು.

"ಅತ್ತೆಗೆ ಜ್ವರ ಇದೆ ಅಕ್ಕಾ. ಐದು ದಿನದ ಹಿಂದೆ ಕಾಡಿಗೆ ಹೋಗಿದ್ವಿ."

ಅತ್ತೆಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಎರಡು ಪ್ರಶ್ನೆ ಕೇಳಿದರು.

"ಕಾಡಿಗೆ ಹೋಗಿದ್ದು ಯಾವತ್ತು? ಜ್ವರ ಶುರುವಾಗಿದ್ದು ಯಾವತ್ತು?"

ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡೂ ದಿನ ಗುರುತು ಹಾಕಿದ್ದಳು. ಒಂದು ತಾರೀಖಿನ ಮೇಲೆ "ಕಾಡು" ಎಂದು ಬರೆದಿದ್ದಳು. ಇನ್ನೊಂದರ ಮೇಲೆ "ಜ್ವರ" ಎಂದು ಬರೆದಿದ್ದಳು. ಆ ತಾರೀಖು ತಪ್ಪಿಲ್ಲದೆ ಹೇಳಿದಳು.

ತಾರೀಖು ಯಾಕೆ ಬೇಕು? ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ರೋಗಾಣುವೇ ಸಿಗುತ್ತದೆ. ದಿನ ಕಳೆದ ಮೇಲೆ ಬೇರೆ ರೀತಿಯ ಪರೀಕ್ಷೆ ಮಾಡಬೇಕು. ಯಾವ ಪರೀಕ್ಷೆ ಎಂದು ತಿಳಿಯಲು ತಾರೀಖು ಗೊತ್ತಿರಬೇಕು.

ಅತ್ತೆಯ ತೋಳಿನಿಂದ ಸ್ವಲ್ಪ ರಕ್ತ ತೆಗೆದರು. ಸೀಸೆಯ ಮೇಲೆ ಹೆಸರು ಬರೆದರು. ಐಸ್ ಇಟ್ಟ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂತು. ಅದು ಮಂಗನ ಕಾಯಿಲೆಯೇ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. "ಹಾಗಾದರೆ ಆಸ್ಪತ್ರೆಗೆ ಯಾಕೆ ಹೋಗಬೇಕು?" ಎಂದು ನೀವು ಕೇಳಬಹುದು. ಹೋಗಲೇಬೇಕು. ಕಾರಣ ಇದೆ.

ಈ ಜ್ವರದಲ್ಲಿ ಮೈಯ ನೀರು ಆರುತ್ತದೆ. ವಾಂತಿ, ಭೇದಿ ಆಗಬಹುದು. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಬರುತ್ತದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಹಾಕುತ್ತಾರೆ. ಜ್ವರ ಇಳಿಸುತ್ತಾರೆ. ರಕ್ತ ಪರೀಕ್ಷೆ ಮಾಡುತ್ತಾ ಇರುತ್ತಾರೆ. ರಕ್ತದ ಒತ್ತಡ ನೋಡುತ್ತಾರೆ. ಕೈ ಮೀರುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಜೀವ ಉಳಿಸುವುದು ಈ ಆರೈಕೆ.

ಈ ಕಾಯಿಲೆ ಬಂದ ನೂರು ಜನರಲ್ಲಿ ಸುಮಾರು 3ರಿಂದ 5 ಜನ ಸಾಯುತ್ತಾರೆ. ಉಳಿದವರು ಬದುಕುತ್ತಾರೆ. ಬೇಗ ಹೋದರೆ ಬದುಕುವ ದಾರಿ ದೊಡ್ಡದು.

ಒಂದು ಮಾತು ನೆನಪಿಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಕೆಲವು ನೋವಿನ ಮಾತ್ರೆಗಳಿಂದ ರಕ್ತ ಸೋರುವುದು ಹೆಚ್ಚುತ್ತದೆ. ಡಾಕ್ಟರು ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳಿ.

ಅತ್ತೆಯ ಇನ್ನೊಂದು ಭಯವೂ ಸುಳ್ಳಾಯಿತು. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ಹತ್ತಿರ ಕೂರಬಹುದು. ಗಂಜಿ ಕುಡಿಸಬಹುದು. ಮೈ ಒರೆಸಬಹುದು. ಅವರನ್ನು ದೂರ ಇಡಬೇಡಿ.

ಮನೆಗೆ ಬಂದ ಮೇಲೂ ಎಚ್ಚರ

ಅತ್ತೆಯ ಜ್ವರ ಇಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಸೊಸೆಯನ್ನು ಕರೆದು ಹೇಳಿದರು.

"ನೋಡಮ್ಮ, ಈ ಜ್ವರ ಕೆಲವರಿಗೆ ಎರಡನೇ ಸಲ ಬರುತ್ತೆ. ಮೂರನೇ ವಾರದ ಹೊತ್ತಿಗೆ ಬರಬಹುದು. ಆಗ ತಲೆನೋವು ಜೋರಾಗುತ್ತೆ. ಕೈ ನಡುಗುತ್ತೆ. ಮಾತು ತೊದಲುತ್ತೆ, ಬುದ್ಧಿ ಮಂಕಾಗುತ್ತೆ. ಹಾಗೆ ಕಂಡರೆ ಒಂದು ಗಳಿಗೆಯೂ ಕಾಯಬೇಡ. ಕರೆದುಕೊಂಡು ಬಾ."

ನೂರು ರೋಗಿಗಳಲ್ಲಿ 10ರಿಂದ 20 ಜನರಿಗೆ ಹೀಗೆ ಆಗುತ್ತದೆ. "ದೇವರ ಕಾಟ, ಗಾಳಿ ಸೋಕಿದೆ" ಎಂದುಕೊಂಡು ಕೆಲವರು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅದು ಕಾಯಿಲೆಯ ಎರಡನೇ ಸುತ್ತು. ಆಸ್ಪತ್ರೆಗೇ ಹೋಗಬೇಕು.

ಸೊಸೆ ಕ್ಯಾಲೆಂಡರಿನಲ್ಲಿ ಮೂರನೇ ವಾರಕ್ಕೂ ಗುರುತು ಹಾಕಿದಳು. ಆಶಾ ಕಾರ್ಯಕರ್ತೆ ಮಧ್ಯೆ ಮಧ್ಯೆ ಬಂದು ನೋಡಿ ಹೋದಳು. ಅತ್ತೆಗೆ ಮತ್ತೆ ಜ್ವರ ಬರಲಿಲ್ಲ. ಮೈಗೆ ಬಲ ಬರಲು ಮಾತ್ರ ಬಹಳ ದಿನ ಬೇಕಾಯಿತು.

ಚುಚ್ಚುಮದ್ದು ಇಲ್ಲವೇ?

ಹಿರಿಯರು ಕೇಳುತ್ತಾರೆ. "ಮೊದಲು ಸೂಜಿ ಹಾಕ್ತಿದ್ರಲ್ಲ, ಈಗ ಯಾಕಿಲ್ಲ?"

ನಿಜ. 1990ರಿಂದ ಹಲವು ವರ್ಷ ಕಾಯಿಲೆ ಇರುವ ಊರುಗಳಲ್ಲಿ ಲಸಿಕೆ ಹಾಕುತ್ತಿದ್ದರು. ಒಂದು ಸೂಜಿ ಹಾಕಿದರೆ ಸಾಲುತ್ತಿರಲಿಲ್ಲ. ಮತ್ತೆ ಮತ್ತೆ ಹಾಕಿಸಬೇಕಿತ್ತು. ಹಾಕಿಸಿಕೊಂಡ ಕೆಲವರಿಗೂ ಕಾಯಿಲೆ ಬಂತು. ಆ ಲಸಿಕೆಗೆ ಸಾಕಷ್ಟು ಬಲ ಇಲ್ಲ ಎಂದು ತಿಳಿಯಿತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆ ತಯಾರಿಸುವ ಕೆಲಸ ಶುರುವಾಗಿದೆ.

ಒಳ್ಳೆಯ ಲಸಿಕೆ ಊರಿಗೆ ಬರುವವರೆಗೆ ನಮಗೆ ಎರಡು ದಾರಿ. ಒಂದು, ಉಣುಗು ಕಚ್ಚದಂತೆ ನೋಡಿಕೊಳ್ಳುವುದು. ಎರಡು, ಬೇಗ ಸುದ್ದಿ ಮುಟ್ಟಿಸುವುದು.

ಕಾಡಿಗೆ ಹೋಗಲೇಬೇಕಾದರೆ

ಮೈ ತುಂಬ ಬಟ್ಟೆ ಹಾಕಿಕೊಳ್ಳಿ. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ.

ಹೊರಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಎಣ್ಣೆ ಹಚ್ಚಿ.

ಕಾಡಿನಲ್ಲಿ ಎಲೆಯ ಮೇಲೆ ಕೂರಬೇಡಿ, ಮಲಗಬೇಡಿ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿ. ಸೋಪು ಹಾಕಿ ಬಿಸಿನೀರಿನ ಸ್ನಾನ ಮಾಡಿ. ಆಮೇಲೆ ಒಲೆ ಮುಂದೆ ಹೋಗಿ.

ಕಂಕುಳು, ಮೊಣಕಾಲಿನ ಹಿಂದೆ, ಸೊಂಟದ ಸುತ್ತ, ಕಿವಿಯ ಹಿಂದೆ ಉಣುಗು ಇದೆಯೇ ನೋಡಿಕೊಳ್ಳಿ. ಮಕ್ಕಳ ತಲೆಯಲ್ಲೂ ನೋಡಿ.

ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹೊಸಕಬೇಡಿ. ಸೀಮೆಎಣ್ಣೆ ಹಾಕಬೇಡಿ, ಬೆಂಕಿ ತಾಗಿಸಬೇಡಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮಂಗ ಸತ್ತ ಜಾಗದ ದರಗು ಬೇಡವೇ ಬೇಡ.

ನಮ್ಮ ಹಕ್ಕು, ನಮ್ಮ ಕೆಲಸ

2018ರ ಕೊನೆಯಲ್ಲಿ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ಈ ಕಾಯಿಲೆ ಜೋರಾಗಿ ಬಂತು. ಹಲವರು ತೀರಿಕೊಂಡರು. ಅವರೂ ನಮ್ಮ ಹಾಗೆ ಕಾಡಿನ ಅಂಚಿನಲ್ಲಿ ಬದುಕುವ ಜನ. ಕಾಯಿಲೆ ಈಗ ಶಿವಮೊಗ್ಗಕ್ಕೆ ಮಾತ್ರ ಸೀಮಿತ ಅಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ಬರುತ್ತದೆ. ಕೇರಳ, ಗೋವಾ, ಮಹಾರಾಷ್ಟ್ರದ ಕಾಡಂಚಿನ ಊರುಗಳಲ್ಲೂ ಕಂಡಿದೆ.

ಡಾಕ್ಟರು, ಪ್ರಯೋಗಾಲಯ, ಅರಣ್ಯ ಇಲಾಖೆ, ಪಶು ಆಸ್ಪತ್ರೆ, ಪಂಚಾಯಿತಿ ಇವೆಲ್ಲ ಒಂದು ಸರಪಳಿಯ ಕೊಂಡಿಗಳು. ಆ ಸರಪಳಿಯ ಮೊದಲ ಕೊಂಡಿ ಯಾರು? ದರಗು ಗುಡಿಸುವ ಹೆಂಗಸು. ಸೌದೆ ತರುವ ಹೆಂಗಸು. ಸತ್ತ ಮಂಗ ಮೊದಲು ಅವಳ ಕಣ್ಣಿಗೆ ಬೀಳುತ್ತದೆ. ಮನೆಯವರ ಜ್ವರ ಮೊದಲು ಅವಳ ಕೈಗೆ ತಿಳಿಯುತ್ತದೆ. ಅವಳು ಹೇಳದಿದ್ದರೆ ಜೀಪು ಬರುವುದಿಲ್ಲ.

ಹೇಳಿದ ಮೇಲೆ ಕೇಳುವ ಹಕ್ಕೂ ನಮಗಿದೆ. ಮಂಗ ಸತ್ತ ಸುದ್ದಿ ಕೊಟ್ಟರೂ ಯಾರೂ ಬರಲಿಲ್ಲವೇ? ಎಣ್ಣೆ ಸೀಸೆ ಮುಗಿದಿದೆಯೇ? ರಕ್ತ ತೆಗೆದು ದಿನ ಕಳೆದರೂ ಉತ್ತರ ಬಂದಿಲ್ಲವೇ? ಒಬ್ಬರೇ ಹೋಗಬೇಡಿ. ನಾಲ್ಕು ಜನ ಸೇರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅರ್ಜಿ ಬರೆದು ಕೊಡಿ. ಈಗ ನಿಮಗೆ ಬರೆಯಲು ಬರುತ್ತದೆ.

ಮುಂದಿನ ವರ್ಷ ಅದೇ ಅತ್ತೆ ಕಾಡಿಗೆ ಹೊರಟಾಗ ಬಾಗಿಲಲ್ಲಿ ನಿಂತು ಕೂಗಿದರು.

"ಏ ಹುಡುಗೀ, ಎಣ್ಣೆ ಸೀಸೆ ಎಲ್ಲಿಟ್ಟೆ? ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿಗೆ ಗುರುತು ಹಾಕಿದ್ಯಾ?"

ಮಾತಾಡೋಣ

1. ನಿಮ್ಮ ಊರಿನಿಂದ ಯಾರು ಯಾರು ಕಾಡಿಗೆ ಹೋಗುತ್ತಾರೆ? ಯಾವ ತಿಂಗಳಲ್ಲಿ ಹೆಚ್ಚು?
2. ಸತ್ತ ಮಂಗ ಕಂಡರೆ ನೀವು ಯಾರಿಗೆ ಹೇಳುತ್ತೀರಿ?
3. ಅತ್ತೆ ಜ್ವರವನ್ನು ಯಾಕೆ ಮುಚ್ಚಿಟ್ಟರು? ನೀವೂ ಹಾಗೆ ಮಾಡಿದ್ದೀರಾ?

ಬರೆಯೋಣ

ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹೆಸರು ಮತ್ತು ಫೋನ್ ನಂಬರು ಒಂದು ಹಾಳೆಯಲ್ಲಿ ಬರೆಯಿರಿ. ಆರೋಗ್ಯ ಕೇಂದ್ರದ ನಂಬರನ್ನೂ ಬರೆಯಿರಿ. ಆಂಬುಲೆನ್ಸ್ ಕರೆಯಲು 108 ಎಂದು ಬರೆಯಿರಿ. ಆ ಹಾಳೆಯನ್ನು ಮನೆಯ ಗೋಡೆಗೆ, ಎಲ್ಲರಿಗೂ ಕಾಣುವ ಕಡೆ ಅಂಟಿಸಿ.